ಬಲಗಡೆಯ ಸೀಟು ಬಿಡುವ ಮೊದಲು

ನಮ್ಮ ಕಡೆ ಯಾರಾದರೂ ಪೈಲಟ್ ಅಂದರೆ ಜನ ಈಗಲೂ ಎರಡು ಸಲ ಮುಖ ನೋಡುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕು ಸೇರಿಸಿದರೂ ಒಂದು ವಿಮಾನ ನಿಲ್ದಾಣ ಇಲ್ಲ. ಅಂಕೋಲಾದ ಅಲಗೇರಿಯಲ್ಲಿ ಆಗುತ್ತದೆ ಅಂತ ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಅಲ್ಲಿಯವರೆಗೆ ವಿಮಾನ ಹತ್ತಬೇಕಾದವರು ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕು. ಆದರೂ ಭಟ್ಕಳದಲ್ಲಿ ವಿಮಾನ ಹತ್ತದವರಿರುವ ಮನೆ ಹುಡುಕುವುದು ಕಷ್ಟ. ಗಲ್ಫಿಗೆ ಹೋಗುವವರು, ಬರುವವರು, ಅವರನ್ನು ಬಿಡಲು ಬಜ್ಪೆಗೆ ಹೋಗುವವರು, ಹೀಗೆ ಊರಿಗೂ ವಿಮಾನಕ್ಕೂ ಹಳೆಯ ನಂಟು.

ಆ ನಂಟಿನಲ್ಲೇ ಬೆಳೆದ ನನ್ನ ಗೆಳೆಯನೊಬ್ಬ ಈಗ ಪೈಲಟ್. ಹೊನ್ನಾವರದಲ್ಲಿ ಪಿಯುಸಿ ಸೈನ್ಸ್ ಓದುವಾಗ ಇಬ್ಬರೂ ಒಂದೇ ಬೆಂಚು. ಅವನು ಭಟ್ಕಳದಿಂದ ದಿನಾ ಬಸ್ಸಿಗೆ ಬರುತ್ತಿದ್ದ. ಭೌತಶಾಸ್ತ್ರ, ಗಣಿತ ಎರಡೂ ಪಾಸಾದರೆ ಪೈಲಟ್ ಆಗಬಹುದು ಅಂತ ಅವನು ಹೇಳಿದಾಗ ಹಿಂದಿನ ಬೆಂಚಿನವರೆಲ್ಲ ನಕ್ಕಿದ್ದೆವು. ಅವನು ಆಗಿಬಿಟ್ಟ. ನಾನು ಬಿ.ಎಸ್ಸಿ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಮೂರನೇ ಸಲ ಕಟ್ಟಿದ್ದೇನೆ.

ಮೊನ್ನೆ ನಾಲ್ಕು ದಿನ ರಜೆಗೆ ಬಂದಿದ್ದ. ಕಾಸರಕೋಡಿನ ಬೀಚಿನಲ್ಲಿ ಕೂತಿದ್ದಾಗ ಮೊಬೈಲ್ ತೆಗೆದು ಒಂದು ಪತ್ರ ತೋರಿಸಿದ. ಬೇರೆ ಏರ್‌ಲೈನ್‌ನಿಂದ ಬಂದ ಆಫರ್. ಸಂಬಳ ಈಗಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಜಾಸ್ತಿ. ಈಗ ದೂರದ ಊರಿನಲ್ಲಿರುವವನಿಗೆ ಬೆಂಗಳೂರಿನಲ್ಲೇ ಬೇಸ್.

‘ಎಂತ ಮಾಡ್ಲಾ ಮಾರಾಯ? ಹೋಗ್ಲಾ, ಬೇಡ್ವಾ?’

ಕೆಲಸವೇ ಇಲ್ಲದವನನ್ನು ಕೇಳುತ್ತಾನಲ್ಲ ಅಂತ ನಗು ಬಂತು. ಒಳಗೆ ಸ್ವಲ್ಪ ಉರಿಯಿತು ಎಂಬುದೂ ನಿಜ. ಇಲ್ಲಿ ಒಂದಕ್ಕೆ ಗತಿಯಿಲ್ಲ, ಇವನಿಗೆ ಎರಡರಲ್ಲಿ ಯಾವುದು ಎಂಬ ಚಿಂತೆ! ಆದರೆ ಅವನ ಮಾತು ಕೇಳುತ್ತಾ ಹೋದಂತೆ ಅದು ಅಷ್ಟು ಸುಖದ ಚಿಂತೆ ಅಲ್ಲ ಅನ್ನಿಸಿತು. ನಾಳೆ ಕೆಲಸ ಸಿಕ್ಕಿದ ಮೇಲೆ ನಾವೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಚಿಂತೆ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಎಲ್ಲರೂ ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ, ‘ಸಂಬಳ ಎಷ್ಟು ಜಾಸ್ತಿ?’ ಅದರಲ್ಲಿ ತಪ್ಪೇನೂ ಇಲ್ಲ. ಪೈಲಟ್ ಆಗುವ ಖರ್ಚು ಅರ್ಧ ಕೋಟಿ ದಾಟುತ್ತದೆ. ಅವನ ತಂದೆಯ ದುಬೈ ದುಡಿಮೆ, ಮಾವಂದಿರ ಕೈಗಡ, ಅಮ್ಮನ ಬಂಗಾರ ಎಲ್ಲ ಸೇರಿ ಆ ಲೈಸೆನ್ಸ್ ಬಂದದ್ದು. ಕೈಗಡ ಇನ್ನೂ ತೀರಿಲ್ಲ. ಬಡ್ಡಿ ಇಲ್ಲದ ಸಾಲಕ್ಕೆ ಮುಲಾಜು ಜಾಸ್ತಿ ಅಂತ ಅವನೇ ಹೇಳುತ್ತಾನೆ. ಮದುವೆ ಮನೆಯಲ್ಲಿ ಮಾವ ಎದುರಾದರೆ ಮೊದಲು ನೆನಪಾಗುವುದು ಆ ದುಡ್ಡೇ ಅಂತೆ.

ಆದರೂ ಸಂಬಳದಿಂದಲೇ ಲೆಕ್ಕ ಶುರುಮಾಡಿದರೆ ಈ ಕೆಲಸದಲ್ಲಿ ಲೆಕ್ಕ ತಪ್ಪುತ್ತದೆ. ಯಾಕೆ ಅಂತ ಅವನು ಮರಳಿನ ಮೇಲೆ ಎರಡು ಚೌಕ ಬರೆದು ತೋರಿಸಿದ. ವಿಮಾನದ ಕಾಕ್‌ಪಿಟ್‌ನಲ್ಲಿ ಎರಡು ಸೀಟು. ಎಡಗಡೆ ಕ್ಯಾಪ್ಟನ್, ಬಲಗಡೆ ಫಸ್ಟ್ ಆಫೀಸರ್. ಇವನು ಬಲಗಡೆಯವನು. ಇಬ್ಬರಿಗೂ ವಿಮಾನ ಹಾರಿಸಲು ಬರುತ್ತದೆ, ಸರದಿಯಂತೆ ಹಾರಿಸುತ್ತಾರೆ ಕೂಡ. ಆದರೆ ಕೊನೆಯ ಮಾತು ಎಡಗಡೆಯವರದು, ಸಂಬಳವೂ ಅವರದು ಎಷ್ಟೋ ಪಟ್ಟು ಹೆಚ್ಚು.

200 ಗಂಟೆ ಹಾರಾಟ ಆದರೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸಿಗೆ 1,500 ಗಂಟೆ ಬೇಕು, ಜೊತೆಗೆ ಪರೀಕ್ಷೆಗಳು. ಇವನಿಗೆ ಈಗ ಎರಡು ಸಾವಿರ ಗಂಟೆ ಹತ್ತಿರವಾಗಿದೆ, ಪರೀಕ್ಷೆಯೂ ಆಗಿದೆ. ಹಾಗಾದರೆ ನಾಳೆಯೇ ಎಡಗಡೆ ಕೂರಬಹುದಲ್ಲ? ಇಲ್ಲ. ಗಂಟೆ, ಪರೀಕ್ಷೆ ಇವೆಲ್ಲ ಅರ್ಹತೆ ಅಷ್ಟೇ. ಎಡಗಡೆ ಸೀಟಿಗೆ ಕಂಪನಿಯದೇ ಒಂದು ಸೀನಿಯಾರಿಟಿ ಪಟ್ಟಿ ಇರುತ್ತದೆ. ಯಾರು ಮೊದಲು ಸೇರಿದರೋ ಅವರು ಮೇಲೆ. ಹೊಸ ವಿಮಾನ ಎಷ್ಟು ಬಂತು, ಹಳೆಯ ಕ್ಯಾಪ್ಟನ್‌ಗಳು ಎಷ್ಟು ಜನ ಬಿಟ್ಟರು ಎಂಬುದರ ಮೇಲೆ ಆ ಪಟ್ಟಿ ಓಡುತ್ತದೆ ಅಥವಾ ನಿಲ್ಲುತ್ತದೆ. ಕಂಪನಿ ಬದಲಿಸಿದರೆ ಗಂಟೆಗಳು ನಿಮ್ಮ ಜೊತೆ ಬರುತ್ತವೆ, ಪಟ್ಟಿಯಲ್ಲಿನ ಜಾಗ ಬರುವುದಿಲ್ಲ. ಹೊಸ ಜಾಗದಲ್ಲಿ ಎಲ್ಲರಿಗಿಂತ ಕೆಳಗೆ.

ಇವನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಈಗ ಹಾರಿಸುವುದು ಏರ್‌ಬಸ್. ಹೊಸ ಕಂಪನಿಯದು ಬೋಯಿಂಗ್. ಕಾರಿನ ಹಾಗೆ ಒಂದು ಬಿಟ್ಟು ಇನ್ನೊಂದು ಹತ್ತಲು ಆಗುವುದಿಲ್ಲ, ಆ ಮಾದರಿಗೆಂದೇ ಬೇರೆ ತರಬೇತಿ ಆಗಬೇಕು. ತರಬೇತಿ ಮುಗಿಯುವವರೆಗೆ ಹಾರಾಟದ ಗಂಟೆ ಏರುವುದಿಲ್ಲ. ಖರ್ಚು ಕಂಪನಿಯದೇ, ಆದರೆ ಅದಕ್ಕೆ ಬಾಂಡ್. ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು.

ನಾವಿಬ್ಬರೂ ಮೊಬೈಲಿನಲ್ಲೇ ಲೆಕ್ಕ ಹಾಕಿದೆವು. ಫಸ್ಟ್ ಆಫೀಸರ್ ಸಂಬಳದಲ್ಲಿ ಸಿಗುವ ಹೆಚ್ಚುವರಿ ದುಡ್ಡು ಒಂದು ಕಡೆ. ಕ್ಯಾಪ್ಟನ್ ಆಗುವುದು ಒಂದೂವರೆ ವರ್ಷ ತಡವಾದರೆ ಕಳೆದುಕೊಳ್ಳುವುದು ಇನ್ನೊಂದು ಕಡೆ. ಅವನು ಹೇಳಿದ ಅಂಕಿಗಳ ಪ್ರಕಾರ ಎರಡನೆಯದೇ ದೊಡ್ಡದು, ಅದೂ ಸಣ್ಣ ಅಂತರದಲ್ಲಲ್ಲ. ಅಷ್ಟಾಗುವಾಗ ಹೊತ್ತು ಮುಳುಗುತ್ತಾ ಬಂದಿತ್ತು. ‘ಹಾಗಾದ್ರೆ ಇಲ್ಲೇ ಇರು’ ಅಂದೆ. ಬ್ಯಾಂಕ್ ಪರೀಕ್ಷೆಗೆ ಕಲಿತ ಲೆಕ್ಕ ಕೊನೆಗೂ ಒಬ್ಬರ ಉಪಯೋಗಕ್ಕೆ ಬಂತು ಅಂದುಕೊಂಡೆ.

ಆದರೆ ‘ಇಲ್ಲೇ ಇರು’ ಎಂಬುದೂ ಅಷ್ಟು ಸುಲಭದ ಮಾತಲ್ಲ. ಇದ್ದಲ್ಲೇ ಇದ್ದವರ ಕಥೆ ಈ ಉದ್ಯಮದಲ್ಲಿ ಬೇಕಾದಷ್ಟಿದೆ, ಅದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರುಮಾಡಿದರು. (ಅವರು ಸೈನ್ಯದ ಕ್ಯಾಪ್ಟನ್, ವಿಮಾನದ ಕ್ಯಾಪ್ಟನ್ ಅಲ್ಲ. ಇದು ಕ್ವಿಜ್‌ನಲ್ಲಿ ಕೇಳುವ ಪ್ರಶ್ನೆ.) ಬಸ್ಸಿನಲ್ಲಿ ಹೋಗುವವರೂ ವಿಮಾನ ಹತ್ತಿದರು. ಕೆಲವೇ ವರ್ಷಗಳಲ್ಲಿ ಅದು ವಿಜಯ ಮಲ್ಯ ಅವರ ಕಿಂಗ್‌ಫಿಷರ್ ಜೊತೆ ಸೇರಿಹೋಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಆ ಹೊತ್ತಿಗೆ ಅಲ್ಲಿನ ಪೈಲಟ್‌ಗಳಿಗೂ ಎಂಜಿನಿಯರ್‌ಗಳಿಗೂ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. 1993ರಿಂದ ಹಾರುತ್ತಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ವಿಮಾನ ಇಳಿಸಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಎಂಜಿನ್ ಸಿಗದೆ ಅದರ ವಿಮಾನಗಳು ಸಾಲಾಗಿ ನಿಂತಿದ್ದವು.

ಹನ್ನೊಂದು ವರ್ಷದೊಳಗೆ ಮೂರು ದೊಡ್ಡ ಹೆಸರುಗಳು. ಅಲ್ಲಿನ ಸೀನಿಯಾರಿಟಿ ಪಟ್ಟಿಯಲ್ಲಿ ಹತ್ತು ವರ್ಷ ಸರದಿ ಕಾದವರ ಜಾಗವೂ ಆ ದಿನಕ್ಕೆ ಸೊನ್ನೆ. ಕಂಪನಿ ಮುಳುಗಬೇಕೆಂದೂ ಇಲ್ಲ, ಒಂದರಲ್ಲಿ ಒಂದು ಸೇರಿದರೂ ಪಟ್ಟಿ ಕಲಸಿಹೋಗುತ್ತದೆ. 2014ರಲ್ಲಿ ಬೆಂಗಳೂರಿನಿಂದ ಹಾರಾಟ ಶುರುಮಾಡಿದ ಏರ್ ಏಷ್ಯಾ ಇಂಡಿಯಾ 2024ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿತು. ಅದೇ ವರ್ಷ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾಕ್ಕೆ ಸೇರಿತು. ಅದಕ್ಕೂ ಮೊದಲು ಏಪ್ರಿಲಿನಲ್ಲಿ ಹೊಸ ಸಂಬಳದ ಒಪ್ಪಂದಕ್ಕೆ ಬೇಸತ್ತ ವಿಸ್ತಾರ ಪೈಲಟ್‌ಗಳು ಒಟ್ಟೊಟ್ಟಿಗೆ ಹುಷಾರಿಲ್ಲ ಅಂದಿದ್ದು, ಹಾರಾಟಗಳು ರದ್ದಾಗಿದ್ದು ನೆನಪಿರಬಹುದು.

ಹೀಗಾಗಿ ‘ಪಟ್ಟಿಯಲ್ಲಿ ನನ್ನ ಜಾಗ ಎಲ್ಲಿದೆ’ ಎಂಬುದರ ಜೊತೆಗೆ ‘ಪಟ್ಟಿ ಬರೆದ ಕಂಪನಿ ಗಟ್ಟಿ ಇದೆಯಾ’ ಎಂಬುದನ್ನೂ ನೋಡಬೇಕು. ಸಂಬಳ ಒಂದನೇ ತಾರೀಕಿನಿಂದ ಏಳಕ್ಕೆ, ಏಳರಿಂದ ಹದಿನೈದಕ್ಕೆ ಜಾರುತ್ತಿದೆಯಾ? ನಿಂತ ವಿಮಾನಗಳ ಸಂಖ್ಯೆ ಏರುತ್ತಿದೆಯಾ? ತಿಂಗಳ ಹಾರಾಟದ ಗಂಟೆ ಇಳಿಯುತ್ತಿದೆಯಾ? ಇವೆಲ್ಲ ಒಳಗಿದ್ದವರಿಗೆ ಪೇಪರಿನವರಿಗಿಂತ ಮೊದಲು ಗೊತ್ತಾಗುತ್ತದೆ. ಅವನ ಕಂಪನಿಯಲ್ಲಿ ಸದ್ಯ ಇವು ಯಾವುದೂ ಇಲ್ಲ ಅಂದ.

ಬಿಟ್ಟು ಹೋಗುವ ರೀತಿಯ ಬಗ್ಗೆಯೂ ಮಾತು ಬಂತು. ನನ್ನ ದೊಡ್ಡಪ್ಪ ಟೊಂಕಾ ಬಂದರಿನಲ್ಲಿ ಬೋಟಿನ ತಾಂಡೇಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಬೋಟಿನ ಜನ ಮಾಲೀಕರಿಂದ ಮುಂಗಡ ತೆಗೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಒಲೆ ಉರಿಯುವುದೇ ಆ ದುಡ್ಡಿನಲ್ಲಿ. ಆಗಸ್ಟಿನಲ್ಲಿ ಬೋಟು ಇಳಿಯುವಾಗ ಮುಂಗಡ ಕೊಟ್ಟವರ ಬೋಟಿಗೇ ಹೋಗಬೇಕು. ಪಕ್ಕದ ಬೋಟಿನವರು ಜಾಸ್ತಿ ಪಾಲು ಕೊಡುತ್ತಾರೆ ಅಂತ ರಾತ್ರೋರಾತ್ರಿ ಹಾರಿದರೆ ಮುಂದಿನ ವರ್ಷ ತಡದಿಯಿಂದ ಭಟ್ಕಳದವರೆಗೆ ಯಾವ ಬಂದರಿನಲ್ಲೂ ಮುಂಗಡ ಹುಟ್ಟುವುದಿಲ್ಲ. ಪೈಲಟ್‌ನ ಬಾಂಡ್ ಕೂಡ ಹೆಚ್ಚುಕಡಿಮೆ ಇದೇ. ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಕೆಳಗೆ ವಕೀಲರಿದ್ದಾರೆ, ಅಷ್ಟೇ ವ್ಯತ್ಯಾಸ.

ಬಾಂಡ್ ಜೊತೆಗೆ ಸರಕಾರದ ನಿಯಮವೂ ಇದೆ. ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಪೈಲಟ್‌ಗಳು ಕೆಲಸ ಬಿಡುವ ಮೊದಲು ಆರು ತಿಂಗಳ ನೋಟಿಸ್ ಕೊಡಬೇಕು ಅಂತ 2005ರಲ್ಲೇ ಹೇಳಿತು. 2017ರಲ್ಲಿ ಕ್ಯಾಪ್ಟನ್‌ಗಳಿಗೆ ಅದನ್ನು ಒಂದು ವರ್ಷಕ್ಕೆ ಏರಿಸಿತು, ಫಸ್ಟ್ ಆಫೀಸರ್‌ಗಳಿಗೆ ಆರು ತಿಂಗಳೇ ಉಳಿಯಿತು. ಪೈಲಟ್‌ಗಳ ಸಂಘಟನೆಗಳು ಇದನ್ನು ಒಪ್ಪದೆ ಕೋರ್ಟಿಗೆ ಹೋದವು. ಬೇರೆ ಯಾವ ಕೆಲಸದಲ್ಲಿ ಬಿಡಲು ಒಂದು ವರ್ಷ ಕಾಯಬೇಕು ಹೇಳಿ? ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಇನ್ನೊಂದು ಬದಿಯೂ ಇದೆ. 2022ರ ಆಗಸ್ಟಿನಲ್ಲಿ ಹಾರಾಟ ಶುರುಮಾಡಿದ ಆಕಾಸ ಏರ್‌ನಿಂದ ಮರುವರ್ಷವೇ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟುಹೋದರು. ನೂರಾರು ಹಾರಾಟ ರದ್ದಾದವು, ಕಂಪನಿ ಕೋರ್ಟಿನ ಮೆಟ್ಟಿಲು ಹತ್ತಿತು. ಯಾರದು ಸರಿ ಎಂಬ ಜಗಳ ಬಿಡಿ. ಮಗಳ ಮದುವೆಗೆಂದು ಟಿಕೆಟ್ ತೆಗೆದು ಏರ್‌ಪೋರ್ಟಿನಲ್ಲಿ ಕೂತವರು ಈ ಜಗಳದ ಯಾವ ಕಡೆಯವರೂ ಅಲ್ಲ.

‘ಹೋಗುವುದಾದರೂ ಆರು ತಿಂಗಳು ಪೂರಾ ಮುಗಿಸಿಯೇ ಹೋಗುತ್ತೇನೆ’ ಅಂದ ಗೆಳೆಯ. ಅದು ಅವನ ಮನೆಯಿಂದ ಬಂದ ಬುದ್ಧಿ. ಅವನ ತಂದೆ ದುಬೈಯಲ್ಲಿ ಅಂಗಡಿ ಬದಲಿಸಬೇಕೆಂದಾಗ ಹಳೆಯ ಮಾಲೀಕನ ಎನ್‌ಒಸಿ ಬೇಕಿತ್ತು. ಅದಿಲ್ಲದಿದ್ದರೆ ವೀಸಾ ಕ್ಯಾನ್ಸಲ್, ಊರಿಗೆ ವಾಪಸ್. ಭಟ್ಕಳದ ಮನೆಗಳಲ್ಲಿ ಎನ್‌ಒಸಿ ಅಂದರೆ ಏನು ಅಂತ ಚಿಕ್ಕ ಮಕ್ಕಳಿಗೂ ಗೊತ್ತು.

ಇಲ್ಲಿಗೆ ವಿಷಯ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎದ್ದು ಹೊರಡುವಾಗ, ಹೆದ್ದಾರಿ ಬದಿಯ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಾ, ಅವನು ಇನ್ನೊಂದು ವಿಷಯ ಹೇಳಿದ. ಕೇಳದೇ ಹೋಗಿದ್ದರೆ ಹೇಳುತ್ತಲೇ ಇರಲಿಲ್ಲವೇನೋ. ‘ಮತ್ತೆ ಬಿಡುವ ಯೋಚನೆಯಾದರೂ ಯಾಕೆ ಬಂತು?’ ಅಂತ ಕೇಳಿದ್ದಕ್ಕೆ ಬಂದ ಉತ್ತರ.

ಕೆಲವು ತಿಂಗಳ ಹಿಂದೆ ಸಾಲಾಗಿ ನಾಲ್ಕು ಬೆಳಗಿನ ಜಾವದ ಡ್ಯೂಟಿ ಬಿದ್ದಿತ್ತಂತೆ. ಬೆಳಗಿನ ಜಾವ ಅಂದರೆ ಎರಡು ಗಂಟೆಗೆ ಏಳುವುದು. ನಾಲ್ಕನೇ ದಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ ಇವತ್ತು ಆಗುವುದಿಲ್ಲ ಅನ್ನಿಸಿತು. ನಿಯಮದ ಪ್ರಕಾರ ತುಂಬಾ ದಣಿದಿದ್ದೇನೆ, ಹಾರಲು ಯೋಗ್ಯನಲ್ಲ ಅಂತ ಬರೆದು ಕಳಿಸಿದ. ಯಾರೂ ಬೈಯಲಿಲ್ಲ. ಆದರೆ ಎರಡು ದಿನ ಬಿಟ್ಟು ಆಫೀಸಿಗೆ ಕರೆದರು. ‘ಉಳಿದವರಿಗೆಲ್ಲ ಆಗುತ್ತದೆ, ನಿಮಗೆ ಮಾತ್ರ ಯಾಕೆ ಆಗುವುದಿಲ್ಲ? ಮುಂದೆ ಕ್ಯಾಪ್ಟನ್ ಆಗಬೇಕಾದವರು ನೀವು’ ಅಂತ ನಗುತ್ತಲೇ ಕೇಳಿದರು. ಅದಾದ ಮೇಲೆ ಅವನು ಅಂಥ ಪತ್ರ ಬರೆದಿಲ್ಲ. ದಣಿದಿಲ್ಲ ಅಂತಲ್ಲ, ಬರೆದಿಲ್ಲ.

ಚಹಾ ಲೋಟ ಕೈಯಲ್ಲೇ ಉಳಿಯಿತು. ನನ್ನ ತಲೆಗೆ ಬಂದದ್ದು ಮಂಗಳೂರು.

2010ರ ಮೇ 22. ನಾವು ಆಗ ಪ್ರಾಥಮಿಕ ಶಾಲೆಯ ಮಕ್ಕಳು. ಬೇಸಿಗೆ ರಜೆ. ಬೆಳಿಗ್ಗೆ ಟಿವಿಯಲ್ಲಿ ಹೊಗೆ, ಗುಡ್ಡ, ಸುಟ್ಟ ಮರಗಳು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದಿತ್ತು. 166 ಜನರಲ್ಲಿ ಉಳಿದವರು 8. ಮಂಗಳೂರು, ಕಾಸರಗೋಡು ಕಡೆಯ ಎಷ್ಟೋ ಮನೆಗಳಿಗೆ ಆ ದಿನ ಹೆಣ ಬಂತು. ನನ್ನ ಗೆಳೆಯನ ತಂದೆ ಊರಿಗೆ ಬರುತ್ತಿದ್ದದ್ದು ಅದೇ ದುಬೈ–ಮಂಗಳೂರು ದಾರಿಯಲ್ಲಿ. ಆ ಸಲ ಅವರ ರಜೆ ಇರಲಿಲ್ಲ, ಅಷ್ಟೇ.

ಆಮೇಲೆ ನಡೆದ ತನಿಖೆಯ ವರದಿಯಲ್ಲಿರುವ ಎರಡು ಸಂಗತಿಗಳನ್ನು ಈಗಿನ ಪೈಲಟ್‌ಗಳೆಲ್ಲ ತರಬೇತಿಯಲ್ಲಿ ಓದುತ್ತಾರೆ. ಕ್ಯಾಪ್ಟನ್ ಹಾರಾಟದ ನಡುವೆ ಬಹಳ ಹೊತ್ತು ನಿದ್ದೆ ಮಾಡಿದ್ದರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಒಂದೂಮುಕ್ಕಾಲು ತಾಸಿನ ಹತ್ತಿರ ಅದು ಕೇಳಿಸುತ್ತದೆ. ಎರಡನೆಯದು, ವಿಮಾನ ತೀರಾ ಎತ್ತರದಲ್ಲಿ ಬರುತ್ತಿದೆ, ಇಳಿಸಬೇಡಿ, ಮತ್ತೆ ಮೇಲೆತ್ತಿ ಸುತ್ತಿ ಬರೋಣ ಅಂತ ಬಲಗಡೆ ಕೂತಿದ್ದ ಫಸ್ಟ್ ಆಫೀಸರ್ ಮೂರು ಸಲ ಹೇಳಿದ್ದರು. ಎಡಗಡೆಯವರು ಕೇಳಲಿಲ್ಲ. ವಿಮಾನ ರನ್‌ವೇಯ ಅರ್ಧ ದಾಟಿದ ಮೇಲೆ ನೆಲ ಮುಟ್ಟಿತು.

ಬೇಡ ಅನ್ನುವುದನ್ನು ಹೇಳುವವರು ಅಲ್ಲಿ ಇದ್ದರು. ಕೇಳುವವರು ಇರಲಿಲ್ಲ. ನನ್ನ ಗೆಳೆಯ ಕೂರುವುದು ಅದೇ ಬಲಗಡೆಯ ಸೀಟಿನಲ್ಲಿ.

ದಣಿವಿನ ವಿಷಯ ಸರಕಾರಕ್ಕೆ ಗೊತ್ತಿಲ್ಲ ಅಂತಲ್ಲ. 2024ರ ಜನವರಿಯಲ್ಲಿ ಡಿಜಿಸಿಎ ಹೊಸ ನಿಯಮ ತಂದಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಹೊತ್ತಿನ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ದಣಿವಿನ ವರದಿ ಕೊಟ್ಟವರನ್ನು ಶಿಕ್ಷಿಸಬಾರದು, ಹೆಸರು ಗುಟ್ಟಾಗಿಡಬೇಕು ಎಂಬುದೂ ಅದರಲ್ಲಿದೆ. ಕಂಪನಿಗಳು ಸಮಯ ಕೇಳಿದವು, ನಿಯಮ ಮುಂದಕ್ಕೆ ಹೋಯಿತು, ಕೋರ್ಟಿಗೆ ಹೋಯಿತು, ಕೊನೆಗೆ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಕಂತಿನಲ್ಲಿ ಜಾರಿಯಾಯಿತು. ಎರಡನೇ ಕಂತು ಬಂದು ತಿಂಗಳಾಗುವಷ್ಟರಲ್ಲಿ, ಡಿಸೆಂಬರಿನ ಮೊದಲ ವಾರ, ಇಂಡಿಗೊದ ಸಾವಿರಾರು ಹಾರಾಟ ರದ್ದಾದವು. ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳ ಲೆಕ್ಕ ಸರಿಯಾಗಿ ಹಾಕಿರಲಿಲ್ಲ. ರಾತ್ರಿ ಹಾರಾಟದ ನಿಯಮಗಳಿಂದ ಅದಕ್ಕೆ ತಾತ್ಕಾಲಿಕ ವಿನಾಯಿತಿಯನ್ನೂ ಕೊಡಲಾಯಿತು. ಎರಡು ವರ್ಷ ಮುಂಚೆ ಗೊತ್ತಿದ್ದ ವಿಷಯಕ್ಕೆ ಈ ಗತಿ.

ಇಷ್ಟು ಕೇಳಿದ ಮೇಲೆ ಸಂಜೆ ಹೇಳಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಬರೀ ಸಂಬಳಕ್ಕಾದರೆ ಹೋಗಬೇಡ. ಬೆಂಗಳೂರಿನ ಬೇಸಿಗಾಗಿಯೂ ಬೇಡ. ಅಲ್ಲಿಂದ ಭಟ್ಕಳಕ್ಕೆ ಬರಲು ಹೇಗೂ ರಾತ್ರಿ ಬಸ್ಸಿನಲ್ಲಿ ಕುಲುಕಾಡಲೇಬೇಕು. ಆದರೆ ‘ಇವತ್ತು ಆಗುವುದಿಲ್ಲ’ ಅಂತ ಬರೆಯಲು ಕೈ ಹಿಂದೆಗೆಯುವ ಜಾಗದಲ್ಲಿ ನೀನು ಮೂರು ವರ್ಷ ಕಳೆದು ಎಡಗಡೆ ಸೀಟಿಗೆ ಹೋದರೆ, ಅಷ್ಟರಲ್ಲಿ ನೀನೂ ಬಲಗಡೆಯವರ ಮಾತು ಕೇಳದವನಾಗಿರುತ್ತೀಯ. ಅದಕ್ಕಿಂತ ಪಟ್ಟಿಯ ತಳದಲ್ಲಿ ನಿಲ್ಲುವುದು ವಾಸಿ. ಕ್ಯಾಪ್ಟನ್ ಆಗುವುದು ಒಂದೂವರೆ ವರ್ಷ ತಡವಾದರೆ ಆಗಲಿ, ನಮ್ಮ ಲೆಕ್ಕದಲ್ಲಿ ಆ ನಷ್ಟ ಎಷ್ಟು ಅಂತ ಇಬ್ಬರಿಗೂ ಗೊತ್ತು. ನಾನು ಇಂಥ ಮಾತು ಹೇಳುವುದು ಸುಲಭ, ಕೈಗಡ ತೀರಿಸಬೇಕಾದವನು ಅವನು. ಅದೂ ಗೊತ್ತಿದ್ದೇ ಹೇಳಿದೆ.

‘ಹೊಸ ಕಂಪನಿ ಹಾಗಿಲ್ಲ ಅಂತ ಯಾವ ಗ್ಯಾರಂಟಿ ಮಾರಾಯ?’ ಅಂದ.

ಅದು ಸರಿಯಾದ ಪ್ರಶ್ನೆ. ಆಫರ್ ಪತ್ರದ ನಾಲ್ಕು ಪುಟದಲ್ಲಿ ಸಂಬಳ, ಭತ್ಯೆ, ಬಾಂಡ್, ಸಮವಸ್ತ್ರದ ಖರ್ಚು ಎಲ್ಲ ಇದೆ, ಇದು ಮಾತ್ರ ಇಲ್ಲ. ಇಂಟರ್‌ವ್ಯೂನಲ್ಲಿ ನಾವು ಪ್ರಶ್ನೆ ಕೇಳಬಹುದು ಎಂಬುದೇ ನಮಗೆ ಮರೆತುಹೋಗಿರುತ್ತದೆ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು, ಥ್ಯಾಂಕ್ಯೂ ಸರ್ ಅಂದು, ಕುರ್ಚಿ ಹಿಂದೆ ಸರಿಸಿ ಬರುತ್ತೇವೆ. ನಾನಂತೂ ಎರಡು ಇಂಟರ್‌ವ್ಯೂಗಳಲ್ಲಿ ಹಾಗೇ ಮಾಡಿದ್ದೇನೆ.

ರಾತ್ರಿ ಅವನು ಭಟ್ಕಳದ ಬಸ್ಸು ಹತ್ತುವ ಮೊದಲು ಇಬ್ಬರೂ ಸೇರಿ ಒಂದು ಇಮೇಲ್ ಬರೆದೆವು. ಬಹಳ ವಿನಯದಿಂದ, ಎರಡೇ ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ನಿಮ್ಮಲ್ಲಿ ಎಷ್ಟು ಫಸ್ಟ್ ಆಫೀಸರ್‌ಗಳು ಕ್ಯಾಪ್ಟನ್ ಆದರು, ಸೇರಿ ಎಷ್ಟು ವರ್ಷಕ್ಕೆ? ಪೈಲಟ್ ಒಬ್ಬರು ದಣಿದಿದ್ದೇನೆ ಅಂತ ವರದಿ ಕೊಟ್ಟರೆ ಆ ಕಾಗದ ಯಾರ ಮೇಜಿಗೆ ಹೋಗುತ್ತದೆ, ಆಮೇಲೆ ಏನಾಗುತ್ತದೆ? ಜೊತೆಗೆ ಆ ಕಂಪನಿಯಲ್ಲಿ ಈಗಾಗಲೇ ಬಲಗಡೆ ಕೂರುತ್ತಿರುವ ಯಾರನ್ನಾದರೂ ಹುಡುಕಿ ಮಾತಾಡು ಅಂದೆ. ಅವನ ಬ್ಯಾಚಿನ ಒಬ್ಬರು ಅಲ್ಲಿದ್ದಾರಂತೆ.

ಮೊದಲ ಪ್ರಶ್ನೆಗೆ ಮರುದಿನ ಮಧ್ಯಾಹ್ನವೇ ಫೋನಿನಲ್ಲಿ ಉತ್ತರ ಬಂತು, ಸಂಖ್ಯೆ ಸಮೇತ. ಎರಡನೆಯದಕ್ಕೆ ‘ಸಂಬಂಧಪಟ್ಟವರ ಹತ್ತಿರ ಕೇಳಿ ಹೇಳುತ್ತೇವೆ’ ಅಂದರು. ಅವನ ಬ್ಯಾಚಿನವರು ಮಾತ್ರ ಆ ವಿಷಯ ಫೋನಿನಲ್ಲಿ ಬೇಡ, ಎದುರು ಸಿಕ್ಕಾಗ ಹೇಳುತ್ತೇನೆ ಅಂದರಂತೆ. ಬರುವ ಭಾನುವಾರ ಇಬ್ಬರಿಗೂ ಬೆಂಗಳೂರಿನಲ್ಲಿ ಬಿಡುವಿದೆ. ಅಲ್ಲಿಯವರೆಗೆ ಸಹಿ ಹಾಕಬೇಡ ಅಂದಿದ್ದೇನೆ.